ತೊಟ್ಟಿಲು ಮೇಷ್ಟ್ರ ಸ್ಟೇರಿಂಗು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಊರವರು ಇಟ್ಟ ಹೆಸರು ತೊಟ್ಟಿಲು ಮೇಷ್ಟ್ರು. ಅವರ ಹತ್ತಿರ ಕಾರು ಕಲಿತವರನ್ನು ಯಾವ ರಸ್ತೆಯಲ್ಲಾದರೂ ಗುರುತು ಹಿಡಿಯಬಹುದಿತ್ತು. ರಸ್ತೆ ನೂಲು ಹಿಡಿದ ಹಾಗೆ ನೆಟ್ಟಗಿದ್ದರೂ ಅವರ ಕೈಗಳು ಮಾತ್ರ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗುತ್ತಲೇ ಇರುತ್ತಿದ್ದವು. ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗಲೂ ತೂಗುತ್ತಿದ್ದರು. ಕ್ಷೌರದಂಗಡಿಯವನಂತೂ ಕಲಿಯಲು ಸೇರಿದ ಹದಿನೈದೇ ದಿನಕ್ಕೆ ಗಿರಾಕಿಯ ತಲೆಯನ್ನೂ ಎರಡು ಕೈಯಲ್ಲಿ ಹಿಡಿದು ಸಣ್ಣಗೆ ತೂಗತೊಡಗಿದ್ದ. ಗಿರಾಕಿಗಳಿಗೆ ಅದು ಹಿತವೆನಿಸಿದ್ದರಿಂದ ಯಾರೂ ತಕರಾರು ಎತ್ತಲಿಲ್ಲ.

ಹೊಸದಾಗಿ ಸೇರಿದವರಿಗೆ ಮೇಷ್ಟ್ರು ಹೇಳುತ್ತಿದ್ದ ಮೊದಲ ಪಾಠವೇ ಅದು.

"ನೋಡಿ, ಸ್ಟೇರಿಂಗ್ ಅಂದ್ರೆ ತೊಟ್ಟಿಲು. ತೂಗ್ತಾ ಇರ್ಬೇಕು. ತೂಗೋದು ನಿಲ್ಸಿದ್ರೆ ತೊಟ್ಟಿಲಲ್ಲಿ ಮಗು ಏಳುತ್ತೆ, ರಸ್ತೇಲಿ ಕಾರು ಚರಂಡಿಗೆ ಹೋಗುತ್ತೆ."

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೇಷ್ಟ್ರ ಕಾರಿನಲ್ಲಿ ತೂಗುವುದು ನಿಲ್ಲಿಸಿದರೆ ಅದು ನಿಜವಾಗಿಯೂ ಚರಂಡಿಗೆ ಹೋಗುತ್ತಿತ್ತು. ಏಕೆಂದರೆ ಆ ಕಾರಿನ ಸ್ಟೇರಿಂಗು ಹನ್ನೆರಡು ವರ್ಷದಿಂದ ಸಡಿಲವಾಗಿತ್ತು. ಅದನ್ನು ಒಂದು ಗೇಣು ತಿರುಗಿಸಿದ ಮೇಲೆ ಕೆಳಗಿನ ಟೈರುಗಳಿಗೆ ಸುದ್ದಿ ಮುಟ್ಟುತ್ತಿತ್ತು. ದಿನಾ ಕನ್ನಡಿಯಲ್ಲಿ ನೋಡುವ ಮುಖದ ಸುಕ್ಕು ಯಾರಿಗೆ ಕಾಣುತ್ತದೆ? ಮೇಷ್ಟ್ರಿಗೂ ಅದು ರೋಗ ಅನ್ನಿಸದೆ ಕಾರುಗಳ ಹುಟ್ಟುಗುಣ ಅನ್ನಿಸಿಬಿಟ್ಟಿತ್ತು. ಅವರು ಬೇರೆ ಕಾರು ಓಡಿಸಿ ಎಷ್ಟು ವರ್ಷವಾಗಿತ್ತೋ ಅವರಿಗೇ ನೆನಪಿರಲಿಲ್ಲ.

ಕಲಿತವರೆಲ್ಲ ಇದೇ ಕಾರಿನಲ್ಲಿ ಪರೀಕ್ಷೆ ಕೊಟ್ಟು ಪಾಸಾಗುತ್ತಿದ್ದರು. ಆಮೇಲೆ ತಮ್ಮ ತಮ್ಮ ಮನೆಯ ಗಟ್ಟಿಮುಟ್ಟು ಕಾರುಗಳಲ್ಲಿ ಕೂತು, ತೊಟ್ಟಿಲು ತೂಗಿ, ತಮ್ಮದೇ ಗೇಟಿನ ಕಂಬಕ್ಕೆ ಗುದ್ದುತ್ತಿದ್ದರು. ಊರಿನಲ್ಲಿ ಮೂಲೆ ಕಿತ್ತು ಹೋಗದ ಗೇಟಿನ ಕಂಬವೇ ಅಪರೂಪವಾಗಿತ್ತು. ಗಾರೆ ಕೆಲಸದವನು ಮೇಷ್ಟ್ರನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡುತ್ತಿದ್ದ. ಅದು ವಿದ್ಯೆಗೆ ಸಲ್ಲುವ ಗೌರವ ಅಂತ ಮೇಷ್ಟ್ರು ತಿಳಿದಿದ್ದರು.

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಊರಿಗೆಲ್ಲ ಕಲಿಸಿದ ಮೇಷ್ಟ್ರ ಮನೆಯಲ್ಲಿ ಅವರ ಹೆಂಡತಿ ಮಾತ್ರ ಕಲಿಯದೆ ಉಳಿದಿದ್ದಳು. ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲಾಗಿದ್ದಳು. ಮೊದಲನೇ ಸಲ ಮೈದಾನದಲ್ಲಿ ನೆಟ್ಟಿದ್ದ ಒಂದು ಕೋಲು ಬಿತ್ತು. ಎರಡನೇ ಸಲ ಆಗಿನ ಇನ್ಸ್‌ಪೆಕ್ಟರರ ಕುರ್ಚಿ ಬಿತ್ತು. ಪುಣ್ಯಕ್ಕೆ ಅವರು ನೀರು ಕುಡಿಯಲು ಎದ್ದು ಹೋಗಿದ್ದರು. ಮೂರನೇ ಸಲ ಅವಳು ಅರ್ಧದಲ್ಲೇ ನಿಲ್ಲಿಸಿ, ಕೆಳಗಿಳಿದು, "ಈ ಕಾರು ಕುಡಿದಿದೆ ಸಾರ್, ಮೊದ್ಲು ಇದರ ಬಾಯಿ ಮೂಸಿ ನೋಡಿ" ಅಂದಿದ್ದಳು.

ಮೇಷ್ಟ್ರು ಅಲ್ಲೇ, ಎಲ್ಲ ಶಿಷ್ಯರ ಎದುರಿಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು. ಶಿಷ್ಯರು ನಕ್ಕರು. ಹೆಂಡತಿ ಮಾತಾಡಲಿಲ್ಲ. ಅವಳು ಮಾತಾಡದೇ ಇರುವುದು ವರ್ಷಕ್ಕೆ ಒಂದೋ ಎರಡೋ ಸಲ, ಮತ್ತು ಅದು ಒಳ್ಳೆಯ ಲಕ್ಷಣವಲ್ಲ ಅನ್ನುವುದು ಮೇಷ್ಟ್ರಿಗೆ ಗೊತ್ತಿರಬೇಕಿತ್ತು.

ಅವಳ ತಕರಾರು ಬಹಳ ಸರಳವಾಗಿತ್ತು. "ನಾನು ತಿರುಗ್ಸಿದಷ್ಟು ತಿರುಗ್ಬೇಕು, ತಿರುಗ್ಸದೇ ಇದ್ರೆ ಸುಮ್ನಿರ್ಬೇಕು. ಬೇಕರೀಲಿ ಕಲಸಿದ ಹಿಟ್ಟು ಕೂಡ ಅಷ್ಟು ಮಾತು ಕೇಳುತ್ತೆ. ನಿಮ್ಮ ಕಾರಿಗೇನು ದಾಡಿ?" ಅವಳು ಹದಿನೈದು ವರ್ಷದಿಂದ ಬೇಕರಿಯ ಒಲೆಯ ಮುಂದೆ ನಿಂತವಳು. ಕೈಗೆ ಸುಳ್ಳು ಹೇಳಲು ಬರುವುದಿಲ್ಲ ಅನ್ನುವುದು ಅವಳ ನಂಬಿಕೆ.

ಈ ಸಲ ವಿಷಯ ಬೇರೆಯಾಗಿತ್ತು. ಬೇಕರಿಯ ವ್ಯಾನು ಓಡಿಸುವವನು ಕೆಲಸ ಬಿಡುತ್ತಿದ್ದ. ಯಜಮಾನರು ಅವಳನ್ನು ಕರೆದು, "ಶನಿವಾರದೊಳಗೆ ಲೈಸೆನ್ಸ್ ತಂದ್ರೆ ವ್ಯಾನು ನಿಮಗೆ. ತರ್ಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋತೀನಿ, ಬೇಜಾರು ಮಾಡ್ಕೋಬೇಡಿ" ಅಂದಿದ್ದರು. ಪರೀಕ್ಷೆ ಶುಕ್ರವಾರ.

"ಹದಿನೈದು ವರ್ಷದಿಂದ ಒಲೆಯ ಬಾಯಿ ನೋಡ್ತಾ ನಿಂತಿದೀನಿ," ಅಂದಳು ಹೆಂಡತಿ, ಸೋಮವಾರ ಬೆಳಿಗ್ಗೆ ಕಾಫಿ ಲೋಟ ಮೇಷ್ಟ್ರ ಮುಂದೆ ಇಡುತ್ತಾ. "ನನಗೆ ಒಂದು ಕಿಟಕಿ ಬೇಕು ಕಣ್ರೀ. ಅದು ಓಡ್ತಿರ್ಬೇಕು. ಅಷ್ಟೇ ನಾನು ಕೇಳ್ತಿರೋದು."

"ತೊಟ್ಟಿಲು ತೂಗೋದು ಕಲಿ, ಕಿಟಕಿ ತಾನಾಗೇ ಬರುತ್ತೆ," ಅಂದರು ಮೇಷ್ಟ್ರು.

"ಈ ಸಲಾನೂ ಆಗ್ಲಿಲ್ಲ ಅಂದ್ರೆ ನಾನು ಎದುರುಗಡೆ ಸ್ಕೂಲಿಗೆ ಸೇರ್ತೀನಿ."

ಮೇಷ್ಟ್ರಿಗೆ ಕಾಫಿ ನೆತ್ತಿಗೆ ಹತ್ತಿತು. ಎದುರುಗಡೆ ಸ್ಕೂಲು ಅಂದರೆ ರಸ್ತೆಯ ಆ ಬದಿಯಲ್ಲಿ, ಮೇಷ್ಟ್ರ ಕಿಟಕಿಗೆ ಸರಿಯಾಗಿ ಮುಖಮಾಡಿ, ಇವರ ಬೋರ್ಡಿಗಿಂತ ಒಂದು ಮೊಳ ಉದ್ದದ ಬೋರ್ಡು ಹಾಕಿಕೊಂಡಿದ್ದ ಸ್ಕೂಲು. ಸ್ವಂತ ಹೆಂಡತಿ ಆ ಸ್ಕೂಲಿನ ಕಾರಿನಲ್ಲಿ ಎಲ್ ಬೋರ್ಡು ತಗುಲಿಸಿಕೊಂಡು ದಿನಾ ಇದೇ ಕಿಟಕಿಯ ಮುಂದೆ ಹಾದು ಹೋದರೆ ಮೇಷ್ಟ್ರು ಸ್ಕೂಲಿನ ಬಾಗಿಲು ಹಾಕಿ ಬೇರೆ ಕಸುಬು ಹುಡುಕಬೇಕು. ಬೇರೆ ಕಸುಬು ಅವರಿಗೆ ಬರುತ್ತಿರಲಿಲ್ಲ. ಈ ಕಸುಬೂ ಬರುತ್ತಿರಲಿಲ್ಲ ಅನ್ನುವುದು ಇನ್ನೂ ಹೊರಬಿದ್ದಿರಲಿಲ್ಲ.

ಅವತ್ತೇ ಮಧ್ಯಾಹ್ನ ಲೈಸೆನ್ಸ್ ಕಚೇರಿಯಿಂದ ಕಾಗದ ಬಂತು. ಹಳೇ ಇನ್ಸ್‌ಪೆಕ್ಟರ್ ನಿವೃತ್ತರಾಗಿ ಹೊಸಬರು ಬಂದಿದ್ದರು. ಇನ್ನು ಮುಂದೆ ಪರೀಕ್ಷೆಗೆ ಮೊದಲು ಸ್ಕೂಲಿನ ಕಾರನ್ನೂ ತಪಾಸಣೆ ಮಾಡಲಾಗುವುದು. ಸ್ಟೇರಿಂಗ್ ಎರಡು ಬೆರಳಿಗಿಂತ ಹೆಚ್ಚು ಸಡಿಲವಿದ್ದರೆ ಆ ಕಾರಿನಲ್ಲಿ ಯಾರಿಗೂ ಪರೀಕ್ಷೆ ಇಲ್ಲ.

ಮೇಷ್ಟ್ರು ಕಾರಿನಲ್ಲಿ ಕೂತು ಸ್ಟೇರಿಂಗಿನ ಮೇಲೆ ಬೆರಳಿಟ್ಟು ಅಳೆದರು. ಎರಡು ಬೆರಳು ಆಯಿತು, ಮೂರು ಆಯಿತು, ನಾಲ್ಕು ಆಯಿತು, ಹೆಬ್ಬೆರಳೂ ಸೇರಿತು. ಟೈರು ಮಾತ್ರ ಮಿಸುಕಲಿಲ್ಲ. ಕೊನೆಗೆ ಅವರು ತಮ್ಮ ಬೆರಳುಗಳೇ ಸಣ್ಣವಿರಬೇಕು ಅಂದುಕೊಂಡರು.

ಬೆರಳು ಬೆಳೆಸಲು ಸಮಯವಿರಲಿಲ್ಲವಾದ್ದರಿಂದ ಮಂಗಳವಾರ ಬೆಳಿಗ್ಗೆ ಅಕ್ಕನ ಗ್ಯಾರೇಜಿಗೆ ಹೋದರು. ಅಪ್ಪನ ಗ್ಯಾರೇಜು ಅಕ್ಕನ ಪಾಲಿಗೆ ಬಂದಿತ್ತು, ಅಪ್ಪನ ಕಾರು ತಮ್ಮನ ಪಾಲಿಗೆ. ಬುದ್ಧಿ ಹಂಚುವಾಗ ಅಪ್ಪ ಲೆಕ್ಕ ತಪ್ಪಿದರು ಅನ್ನುವುದು ಅಕ್ಕನ ಅಭಿಪ್ರಾಯ. ಅವಳು ಪ್ರತಿ ವರ್ಷ ಎಣ್ಣೆ ಬದಲಾಯಿಸುವಾಗ "ಸ್ಟೇರಿಂಗ್ ನೋಡ್ತೀನೋ, ಬಿಟ್ಟು ಹೋಗು" ಅನ್ನುತ್ತಿದ್ದಳು, ತಮ್ಮ ಪ್ರತಿ ವರ್ಷ "ಅದನ್ನ ಮುಟ್ಬೇಡ, ಶಿಷ್ಯರಿಗೆ ಅಭ್ಯಾಸ ಆಗಿದೆ" ಅನ್ನುತ್ತಿದ್ದರು. ಇವತ್ತು ತಾವಾಗಿ ಬಂದು ನಿಂತ ತಮ್ಮನನ್ನು ಅಕ್ಕ ಕೈಯೊರೆಸಿಕೊಳ್ಳುತ್ತಾ ಮೇಲಿನಿಂದ ಕೆಳಗೆ ನೋಡಿದಳು.

"ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಸ್ವಲ್ಪ ಬಿಗಿ ಮಾಡ್ಕೊಡಕ್ಕ. ಜಾಸ್ತಿ ಬೇಡ. ಎರಡು ಬೆರಳು ಸಾಕು."

"ಇದೇನು ನಿನ್ನ ಪ್ಯಾಂಟಿನ ಸೊಂಟನಾ? ಕೂತ್ಕೋ ಒಳಗೆ."

ಅಕ್ಕನ ಕೆಲಸದಲ್ಲಿ ಆತುರವಿರಲಿಲ್ಲ. ಮೊದಲು ಟೈರುಗಳ ಗಾಳಿ ನೋಡಿದಳು, ಗಾಳಿ ಕಮ್ಮಿಯಿದ್ದರೂ ಸ್ಟೇರಿಂಗು ಸಡಿಲ ಅನ್ನಿಸುತ್ತದೆ ಅಂತ. ಗಾಳಿ ಸರಿಯಿತ್ತು. ಆಮೇಲೆ ಸ್ಟೇರಿಂಗಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಾನು ಮುಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ನಿಧಾನಕ್ಕೆ ತಿರುಗ್ಸು, ಟೈರು ಅಲ್ಲಾಡಿದ ತಕ್ಷಣ ಹೇಳ್ತೀನಿ" ಅಂದಳು.

ಮೇಷ್ಟ್ರು ತಿರುಗಿಸಿದರು. ಅಕ್ಕ ಕಾದಳು. ಅವರು ಇನ್ನೂ ತಿರುಗಿಸಿದರು. ಅಕ್ಕ ಆಕಳಿಸಿದಳು.

"ಶುರು ಮಾಡಿದ್ಯೇನೋ?" ಅಂದಳು.

"ಆಗ್ಲೇ ಮಾಡ್ದೆ."

ಅಕ್ಕ ಎದ್ದು ಬಂದು ಗೆರೆ ನೋಡಿದಳು. ಒಂದು ಗೇಣು ದಾಟಿತ್ತು. ಅವಳು ಬಾನೆಟ್ ಎತ್ತಿದಳು. ಸ್ಟೇರಿಂಗಿನಿಂದ ಇಳಿದು ಬರುವ ಕೋಲಿನ ಬುಡದ ಜಾಯಿಂಟಿನ ಮೇಲೆ ಬೆರಳಿಟ್ಟು, "ಈಗ ತೂಗು, ನಿನ್ನ ಆ ತೊಟ್ಟಿಲು" ಅಂದಳು. ತೂಗುವ ಕೆಲಸ ಸಿಕ್ಕಿದ್ದಕ್ಕೆ ಮೇಷ್ಟ್ರಿಗೆ ಖುಷಿಯಾಯಿತು. ಜಾಯಿಂಟಿನ ಮೇಲ್ಭಾಗ ತಿರುಗಿದಷ್ಟೇ ಕೆಳಭಾಗವೂ ತಿರುಗುತ್ತಿತ್ತು, ದೋಷ ಅಲ್ಲಿರಲಿಲ್ಲ. ಜಾಕ್ ಹಾಕಿ ಮುಂಭಾಗ ಎತ್ತಿ, ಕೆಳಗೆ ಗಟ್ಟಿ ಆಸರೆ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಳು. ಗಟ್ಟಿಯಾಗಿತ್ತು. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಳು. ಟಕ್ ಟಕ್ ಅಂದಿತು.

"ಚಕ್ರ ತಳ್ಳೋ ಟೈ ರಾಡಿನ ತುದಿ ಸವೆದಿದೆ, ಎರಡೂ ಕಡೆ," ಅಂದಳು. "ಆದ್ರೆ ಇಷ್ಟಕ್ಕೇ ಒಂದು ಗೇಣು ಬರಲ್ಲ. ಇನ್ನೇನೋ ಇದೆ. ತೂಗ್ತಿರು."

ಅಕ್ಕ ಕಾರಿನ ಕೆಳಗೆ ಜಾರಿದಳು. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಡ್ಡ ಮಲಗಿರುವ ಹಲ್ಲಿನ ಕೋಲಿಗೆ ರ‍್ಯಾಕ್ ಅನ್ನುತ್ತಾರೆ. ಸ್ಟೇರಿಂಗ್ ತಿರುಗಿದರೆ ಆ ಕೋಲು ಪಕ್ಕಕ್ಕೆ ಸರಿದು ಚಕ್ರಗಳನ್ನು ತಳ್ಳುತ್ತದೆ. ಅದನ್ನು ಹೊತ್ತ ಕೊಳವೆ ಮಾತ್ರ ಅಲ್ಲಾಡಬಾರದು. ಅದನ್ನು ಹಿಡಿದಿಡಲು ಎರಡು ಪಟ್ಟಿ, ಪಟ್ಟಿಗಳ ಒಳಗೆ ರಬ್ಬರಿನ ಬುಷ್ಷು. ಇಲ್ಲಿ ಕೊಳವೆಗೆ ಕೊಳವೆಯೇ ಅತ್ತಿತ್ತ ಹೋಗಿ ಬರುತ್ತಿತ್ತು. ಅಕ್ಕ ಒಂದು ಪಟ್ಟಿಯ ಬೋಲ್ಟು ಬಿಚ್ಚಿದಳು.

ಆಮೇಲೆ ಅವಳು ಹೊರಗೆ ಜಾರಿ ಬಂದಳು. ಕೈಯಲ್ಲಿ ನೀಲಿ ರಬ್ಬರಿನ ತುಂಡೊಂದಿತ್ತು. ಅರ್ಧಚಂದ್ರಾಕಾರ, ಒಂದು ಮೂಲೆಯಲ್ಲಿ ಬಿಳಿ ಹೂವು.

"ಬುಷ್ಷಿನ ಜಾಗದಲ್ಲಿ ಇದಿತ್ತು," ಅಂದಳು. "ಇದು ಯಾವ ಕಂಪನಿ ಬಿಡಿಭಾಗನೋ?"

ಮೇಷ್ಟ್ರ ತೂಗುವ ಕೈಗಳು ನಿಂತವು. ಹನ್ನೆರಡು ವರ್ಷದ ಹಿಂದೆ ಅಕ್ಕ ಮಗಳ ಹೆರಿಗೆಗೆಂದು ಒಂದು ತಿಂಗಳು ಊರಲ್ಲಿರಲಿಲ್ಲ. ಆಗ ಕಾರಿನ ಕೆಳಗಿನಿಂದ ಪುಡಿಪುಡಿ ರಬ್ಬರು ಉದುರಿತ್ತು. ಮಾರನೇ ದಿನ ಪರೀಕ್ಷೆಯಿತ್ತು. ಮೇಷ್ಟ್ರು ಸ್ವತಃ ಕೆಳಗೆ ತೂರಿ, ಬೋಲ್ಟು ಬಿಚ್ಚಿ, ರಬ್ಬರು ಎಲ್ಲಿ ಸಿಗುತ್ತದೆಂದು ಸುತ್ತ ನೋಡಿದ್ದರು. ಹೊಸ್ತಿಲ ಪಕ್ಕದಲ್ಲಿ ಸಿಕ್ಕಿತ್ತು. ಅಡುಗೆಮನೆ ಚಾಕುವಿನಲ್ಲಿ ಚೆನ್ನಾಗಿಯೇ ಕತ್ತರಿಸಿದ್ದರು.

ಕೆಟ್ಟ ಗಳಿಗೆ ಅಂತ ಒಂದಿರುತ್ತದಲ್ಲ, ಅದು ಹೇಳಿ ಕೇಳಿ ಬರುವುದಿಲ್ಲ. ಬೇಕರಿಯ ಬೆಳಗಿನ ಕೆಲಸ ಮುಗಿಸಿದ ಹೆಂಡತಿ ಕಾರು ಏನಾಯಿತೆಂದು ನೋಡಲು ಆಗಲೇ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು, ಮೊಣಕೈ ತನಕ ಹಿಟ್ಟು. ಅವಳ ಕಣ್ಣು ಅಕ್ಕನ ಕೈಯ ಮೇಲೆ ಬಿತ್ತು.

"ಅತ್ತಿಗೆ, ಅದನ್ನ ಸ್ವಲ್ಪ ಕೊಡಿ."

ಅಕ್ಕ ಕೊಟ್ಟಳು. ಹೆಂಡತಿ ಸೆರಗಿನಿಂದ ಗ್ರೀಸು ಒರೆಸಿ ಹೂವನ್ನು ನೋಡಿದಳು.

"ಇದು ನನ್ನ ಎಡಗಾಲಿನ ಚಪ್ಪಲಿ."

ಮೇಷ್ಟ್ರು ಅಪ್ಪಿತಪ್ಪಿ ಹಾರ್ನ್ ಒತ್ತಿದರು.

"ಪಕ್ಕದ ಮನೆ ನಾಯಿ ತಿಂದಿದೆ ಅಂತ ಜಗಳ ಆಡಿದ್ನಲ್ಲ ನಾನು," ಅಂದಳು ಹೆಂಡತಿ, ಬಹಳ ಮೆಲ್ಲಗೆ. "ಹನ್ನೆರಡು ವರ್ಷದಿಂದ ಆ ಮನೆಯವರ ಹತ್ರ ಮಾತಿಲ್ಲ. ಬಲಗಾಲಿಂದು ಇನ್ನೂ ಕಪಾಟಿನ ಮೇಲಿದೆ, ಸಾಕ್ಷಿಗೆ ಇರ್ಲಿ ಅಂತ ಇಟ್ಟಿದೀನಿ. ನೀವು ದಿನಾ ಆ ಕಪಾಟಿಂದಾನೇ ಟವೆಲ್ ತಗೋತೀರ."

"ನಾನು ಹೇಳ್ಬೇಕು ಅಂತಿದ್ದೆ," ಅಂದರು ಮೇಷ್ಟ್ರು.

"ಯಾವಾಗ?"

ಮೇಷ್ಟ್ರು ಕಾರಿನ ಕನ್ನಡಿ ಸರಿಮಾಡತೊಡಗಿದರು.

"ಪಾಪ, ಆ ನಾಯಿ ನನ್ನ ನೋಡಿದಾಗೆಲ್ಲ ಬಾಲ ಅಲ್ಲಾಡಿಸ್ತಿತ್ತು. ಏನು ನಾಚ್ಕೆ ಇಲ್ಲದ ನಾಯಿ ಅಂತ ಬೈತಿದ್ದೆ. ಅದು ಸತ್ತು ಐದು ವರ್ಷ ಆಯ್ತು." ಅವಳು ಗಂಡನ ಕಡೆ ನೋಡಿದಳು. "ಮತ್ತೆ ಈ ಚಪ್ಪಲಿ ಮೇಲೆ ನಿಂತ್ಕೊಂಡು ನೀವು ನನಗೆ ಕುಣಿಯೋಕೆ ಬರಲ್ಲ ಅಂದ್ರಿ."

ಅಷ್ಟು ಹೇಳಿ ಹೋದಳು. ಅವತ್ತು ಸಂಜೆ ಎರಡು ಬಿಸಿ ಬ್ರೆಡ್ಡು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಪಕ್ಕದ ಮನೆಯಾಕೆ ಎಲ್ಲ ಕೇಳಿಸಿಕೊಂಡು, ಬ್ರೆಡ್ಡು ತೆಗೆದುಕೊಂಡು, "ನಮ್ಮ ನಾಯಿಗೆ ರಬ್ಬರ್ ಆಗ್ತಿರ್ಲಿಲ್ಲ ಅಂತ ಆಗ್ಲೇ ಹೇಳಿದ್ನಲ್ಲಮ್ಮ" ಅಂದರು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಹನ್ನೆರಡು ವರ್ಷದ ಮಾತು ಆಡಿದರು. ಅದರಲ್ಲಿ ಬಹುಪಾಲು ಮೇಷ್ಟ್ರ ವಿಷಯ. ಗೋಡೆಯ ಈಚೆ ಕೂತಿದ್ದ ಮೇಷ್ಟ್ರಿಗೆ ನಗು ಮಾತ್ರ ಕೇಳಿಸುತ್ತಿತ್ತು.

ಬುಧವಾರ ಅಕ್ಕ ಹೊಸ ಬುಷ್ಷು ಹಾಕಿ ಪಟ್ಟಿ ಬಿಗಿದಳು. ಟೈ ರಾಡಿನ ಹಳೇ ತುದಿಗಳನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಬಾಯಿಬಿಟ್ಟು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿದಳು. ಕೊನೆಗೆ ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ದಾರ ಎಳೆದು ಕಟ್ಟಿ, ಚಕ್ರಗಳು ನೆಟ್ಟಗೆ ನೋಡುತ್ತಿವೆಯೇ ಅಂತ ಒಂದು ಕಣ್ಣು ಮುಚ್ಚಿ ಅಳೆದಳು. ಸೀಮೆಸುಣ್ಣದ ಗೆರೆ ಈಗ ಒಂದೇ ಬೆರಳು ಸರಿಯುವಷ್ಟರಲ್ಲಿ ಟೈರು ಅಲ್ಲಾಡಿತು. ತಾನೇ ಒಂದು ಸುತ್ತು ಓಡಿಸಿಕೊಂಡು ಬಂದು, "ತಗೋ. ಈಗ ಇದು ಕಾರು" ಅಂದಳು.

ಮೇಷ್ಟ್ರು ಕೂತರು. ಸಂಜೆ ಪಾಠಕ್ಕೆಂದು ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಳು. ಗ್ಯಾರೇಜಿನ ಮುಂದಿನ ರಸ್ತೆ ಅಗಲವಾಗಿ, ಖಾಲಿಯಾಗಿ ಇತ್ತು. ಮೇಷ್ಟ್ರು ಹೊರಟರು, ಹನ್ನೆರಡು ವರ್ಷದ ಅಭ್ಯಾಸದಂತೆ ಕೈಗಳು ತೊಟ್ಟಿಲು ತೂಗಿದವು, ಕಾರು ಹಾವಿನ ಹಾಗೆ ಹರಿಯಿತು. ಎಡಗಡೆಯ ಕಸದ ಡಬ್ಬ ಬಿತ್ತು. ಹೆದರಿ ಬಲಕ್ಕೆ ತೂಗಿದರು, ಬಲಗಡೆಯ ಡಬ್ಬವೂ ಬಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುದುಕರೊಬ್ಬರು ಕ್ಲಿಪ್ಪು ಬಾಯಲ್ಲೇ ಇಟ್ಟುಕೊಂಡು ನೋಡುತ್ತ ನಿಂತರು.

"ಅಕ್ಕ ಹಾಳು ಮಾಡಿದಾಳೆ," ಅಂದರು ಮೇಷ್ಟ್ರು, ಬೆವರೊರೆಸಿಕೊಂಡು.

"ಇಳೀರಿ," ಅಂದಳು ಹೆಂಡತಿ.

ಅವಳು ಕೂತು ಗೇರು ಹಾಕಿದಳು. ರಸ್ತೆ ನೆಟ್ಟಗಿತ್ತು, ಅವಳು ಕೈ ಅಲ್ಲಾಡಿಸಲಿಲ್ಲ, ಕಾರೂ ಅಲ್ಲಾಡಲಿಲ್ಲ. ತಿರುವಿನಲ್ಲಿ ತಿರುಗಿಸಿದಳು, ತಿರುಗಿತು. ಬಿದ್ದ ಎರಡೂ ಡಬ್ಬಗಳ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ಹಿಂದಕ್ಕೆ ಬಂದಳು. ಪಕ್ಕದಲ್ಲಿ ಕೂತ ಮೇಷ್ಟ್ರ ಬಾಯಿ ಮಾತ್ರ ಅಭ್ಯಾಸಬಲದಿಂದ "ತೂಗು, ತೂಗು" ಅನ್ನುತ್ತಲೇ ಇತ್ತು. ಅವಳು ಒಮ್ಮೆ ಮಾತಿಗೆ ಬೆಲೆ ಕೊಟ್ಟು ತೂಗಿದಳು, ಕಾರು ಪಾದಚಾರಿ ಕಟ್ಟೆ ಹತ್ತಿತು. ಆಮೇಲೆ ಅವಳು ಆ ಮಾತಿಗೆ ಬೆಲೆ ಕೊಡಲಿಲ್ಲ.

ಮೇಷ್ಟ್ರಿಗೆ ಎಲ್ಲ ಅರ್ಥವಾಗಿತ್ತು. ಅವರು ದಡ್ಡರಲ್ಲ, ಹೆಮ್ಮೆ ಜಾಸ್ತಿ ಅಷ್ಟೇ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮೂರು ಸಲ ಫೇಲಾಗಿದ್ದು ಹೆಂಡತಿಯಲ್ಲ, ಕಾರು. ಸರಿಯಾದ ಕಾರು ಹೇಗಿರಬೇಕು ಅಂತ ಊರಿನಲ್ಲಿ ಅವಳೊಬ್ಬಳ ಕೈಗೆ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಹನ್ನೆರಡು ವರ್ಷ ಊರಿಗೆ ಊರನ್ನೇ ತಪ್ಪು ಕಲಿಸಿದೆ ಅಂತ ಒಪ್ಪಿಕೊಂಡ ಹಾಗೆ. ಗುರುವಾರ ಪೂರ್ತಿ ಅವರು ಬಾಯಿಗೆ ಬೀಗ ಹಾಕಿಕೊಂಡರು. ಶುಕ್ರವಾರ ಪರೀಕ್ಷೆಗೆ ಹೋಗಬೇಕಾದ ಉಳಿದ ಮೂವರಿಗೂ ಏನೂ ಹೇಳಲಿಲ್ಲ. ಹೇಗೋ ಹೊಂದಿಕೊಳ್ಳುತ್ತಾರೆ ಅಂದುಕೊಂಡರು. ತಾವೇ ಹೊಂದಿಕೊಂಡಿರಲಿಲ್ಲ ಅನ್ನುವುದನ್ನು ಮರೆತರು.

ಶುಕ್ರವಾರ ಮೈದಾನದಲ್ಲಿ ಎಂಟರ ಆಕಾರಕ್ಕೆ ಕೋಲುಗಳನ್ನು ನೆಟ್ಟಿದ್ದರು. ಹೊಸ ಇನ್ಸ್‌ಪೆಕ್ಟರ್ ಮೇಡಂ ಬಹಳ ಕಮ್ಮಿ ಮಾತಿನವರು, ಕೈಯಲ್ಲಿ ಒಂದು ಮರದ ಅಳತೆಪಟ್ಟಿ. ಮೇಷ್ಟ್ರ ಕಾರಿನಲ್ಲಿ ಕೂತು ಸ್ಟೇರಿಂಗ್ ಅಳೆದು, "ಒಂದೇ ಬೆರಳು. ಚೆನ್ನಾಗಿ ಇಟ್ಟಿದೀರ" ಅಂದರು. ಮೇಷ್ಟ್ರು ನಾಚಿಕೊಂಡರು.

ಮೊದಲು ಕ್ಷೌರದಂಗಡಿಯವನು ಹೋದ. ಅವನು ಮೇಷ್ಟ್ರ ಹೆಮ್ಮೆಯ ಶಿಷ್ಯ, ತೊಟ್ಟಿಲನ್ನು ಅಷ್ಟು ಲಯವಾಗಿ ತೂಗುವವರು ಇನ್ನೊಬ್ಬರಿರಲಿಲ್ಲ. ಏಳು ಕೋಲು ಬಿದ್ದವು. ಆಮೇಲೆ ಔಷಧಿ ಅಂಗಡಿಯವಳು ಹೋದಳು, ಒಂಬತ್ತು. ಆಮೇಲೆ ಸಂಗೀತದ ಮೇಷ್ಟ್ರು. ಅವರು ಎಲ್ಲ ಕೋಲುಗಳನ್ನೂ ಬೀಳಿಸಿ, ಮೈದಾನದ ಆಚೆ ಬೇಲಿಯ ಹತ್ತಿರ ನಿಂತು, ಅಲ್ಲಿಂದಲೇ ಕೈ ಬೀಸಿದರು. ಮೂವರೂ ಇಳಿದು ಬಂದು ತಮ್ಮ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ನಿಂತರು. ಕ್ಷೌರದಂಗಡಿಯವನ ಕಣ್ಣಲ್ಲಿ ನೀರಿತ್ತು.

"ನನ್ನ ಕೈಗೆ ಏನೋ ಆಗಿದೆ ಮೇಷ್ಟ್ರೇ," ಅಂದ.

ಇದೇ ಮಾತನ್ನು ಮೇಷ್ಟ್ರು ಹಿಂದೆ ಮೂರು ಸಲ ಹೆಂಡತಿಯ ಮುಖದಲ್ಲಿ ನೋಡಿದ್ದರು, ಕೇಳಿಸಿಕೊಂಡಿರಲಿಲ್ಲ.

"ಇವರಿಗೆಲ್ಲ ಕಲಿಸಿದ್ದು ಯಾರು?" ಅಂದರು ಇನ್ಸ್‌ಪೆಕ್ಟರ್ ಮೇಡಂ, ಕೋಲುಗಳನ್ನು ಮತ್ತೆ ನೆಡಿಸುತ್ತಾ. ಎಲ್ಲರೂ ಮೇಷ್ಟ್ರ ಕಡೆ ನೋಡದೆ ಇರಲು ಪ್ರಯತ್ನಪಟ್ಟರು. ಅದರಿಂದ ಮೇಡಂಗೆ ಉತ್ತರ ಸಿಕ್ಕಿತು.

ಈಗ ಹೆಂಡತಿಯ ಸರದಿ. ಅವಳು ಕೂತು ಬೆಲ್ಟು ಹಾಕಿಕೊಂಡಳು, ಮೇಡಂ ಪಕ್ಕದಲ್ಲಿ ಕೂತರು. ಹೆಂಡತಿ ಕಾರು ಹೊರಡಿಸಲಿಲ್ಲ. ಕಿಟಕಿಯ ಗಾಜು ಇಳಿಸಿ ಗಂಡನ ಕಡೆ ನೋಡಿದಳು.

"ರೀ, ತೊಟ್ಟಿಲು ತೂಗ್ಲಾ, ಬೇಡ್ವಾ?"

ಅವಳಿಗೆ ಉತ್ತರ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಮೂವರು ಶಿಷ್ಯರು ಕಿವಿಯಾಗಿ ನಿಂತಿದ್ದರು. ಎದುರುಗಡೆ ಸ್ಕೂಲಿನವರು ಕೂಡ ತಮ್ಮ ಶಿಷ್ಯರ ಜೊತೆ ಸಾಲಿನಲ್ಲಿ ನಿಂತು ಕತ್ತು ಉದ್ದ ಮಾಡಿದ್ದರು. ಮೇಷ್ಟ್ರು ಹೇಳದೆ ಉಳಿಯಲು ಏನೇನು ದಾರಿಯಿದೆ ಅಂತ ಒಂದು ಗಳಿಗೆ ಯೋಚಿಸಿದರು. ಕೆಮ್ಮಬಹುದಿತ್ತು. ಕ್ಷೌರದಂಗಡಿಯವನು ಇನ್ನೂ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಬೇಡ," ಅಂದರು. "ಯಾವತ್ತೂ ಬೇಡ್ವಾಗಿತ್ತು. ನಿನಗೆ ಕುಣಿಯೋಕೆ ಬರ್ತಿತ್ತು. ನೆಲಾನೇ ಡೊಂಕಿತ್ತು, ಡೊಂಕು ಮಾಡಿದ್ದು ನಾನು." ಆಮೇಲೆ ಶಿಷ್ಯರ ಕಡೆ ತಿರುಗಿ, "ನಿಮ್ಮ ಕೈಗೇನೂ ಆಗಿಲ್ಲ. ನಾನು ಕಲ್ಸಿದ್ದೇ ತಪ್ಪು. ಎಲ್ಲರಿಗೂ ಮೊದ್ಲಿಂದ ಹೇಳ್ಕೊಡ್ತೀನಿ" ಅಂದರು.

ಹೆಂಡತಿ ಒಂದು ಗಳಿಗೆ ಅವರನ್ನೇ ನೋಡಿದಳು. ಹದಿನೈದು ವರ್ಷ ಒಲೆಯ ಶಾಖಕ್ಕೂ ಕೆಂಪಾಗದ ಅವಳ ಕಿವಿ ಈಗ ಕೆಂಪಾಗಿತ್ತು. ಗಾಜು ಏರಿಸಿ ಹೊರಟಳು. ಎಂಟನ್ನು ಒಂದು ಸಲ ಬರೆದಳು, ಮೇಡಂ ಏನೋ ಹೇಳಿದರು, ಇನ್ನೊಂದು ಸಲ ಬರೆದಳು. ಒಂದು ಕೋಲೂ ಮಿಸುಕಲಿಲ್ಲ. ಹೊರಟ ಜಾಗದಲ್ಲೇ ತಂದು ನಿಲ್ಲಿಸಿದಳು.

ಮೇಡಂ ಇಳಿದು ಕಾಗದದ ಮೇಲೆ ಸಹಿ ಹಾಕಿದರು. "ಎರಡನೇ ಸಲ ನಾನು ಯಾಕೆ ಹೋಗಿ ಅಂದೆ ಗೊತ್ತಾ? ಸುಮ್ನೆ. ನೋಡೋಕೆ ಚೆನ್ನಾಗಿತ್ತು." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನೀವು ಒಂದು ಸುತ್ತು ಹಾಕಿ ತೋರ್ಸಿ" ಅಂದರು.

ಮೇಷ್ಟ್ರು ಹಾಕಿದ ಸುತ್ತನ್ನು ಹೆಚ್ಚು ವಿವರಿಸಬಾರದು, ಅವರೂ ಒಬ್ಬ ಮನುಷ್ಯರು. ಕೋಲುಗಳ ಜೊತೆಗೆ ಕುರ್ಚಿಯೂ ಬಿತ್ತು ಅಂದರೆ ಸಾಕು. ಆ ಕುರ್ಚಿಗೆ ಈ ಮನೆತನದ ಜೊತೆ ಏನೋ ಋಣವಿತ್ತು. ಮೇಡಂ ಅಲ್ಲೇ ಒಂದು ಕಾಗದ ಬರೆದುಕೊಟ್ಟರು: ಸ್ಕೂಲಿನ ಮೇಷ್ಟ್ರು ಲೈಸೆನ್ಸ್ ಇರುವ ಒಬ್ಬರ ಪಕ್ಕದಲ್ಲಿ ಕೂತು ಹತ್ತು ದಿನ ಅಭ್ಯಾಸ ಮಾಡತಕ್ಕದ್ದು, ಅಲ್ಲಿಯವರೆಗೆ ಯಾರಿಗೂ ಕಲಿಸತಕ್ಕದ್ದಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಬೇಕರಿಯ ವ್ಯಾನು ಹತ್ತಿದಳು. ಮೇಷ್ಟ್ರು ತಮ್ಮ ಕಿಟಕಿಯಲ್ಲಿ ನಿಂತು ನೋಡಿದರು. ವ್ಯಾನು ನೆಟ್ಟಗೆ ಬಂತು, ನೆಟ್ಟಗೆ ಹೋಯಿತು. ಮಧ್ಯದಲ್ಲಿ ಅವಳು ಈ ಕಿಟಕಿಯ ಕಡೆ ತಿರುಗಿ ನಕ್ಕಳು. ಅವಳ ಕೂದಲು ಗಾಳಿಗೆ ಹಾರುತ್ತಿತ್ತು. ಇಷ್ಟು ವರ್ಷ ಅವಳ ಕೂದಲು ಹಾರಿದ್ದನ್ನು ತಾವು ನೋಡಿಯೇ ಇರಲಿಲ್ಲ ಅನ್ನುವುದು ಮೇಷ್ಟ್ರಿಗೆ ಹೊಳೆದು ಸಂಕಟವಾಯಿತು, ಸಂತೋಷವೂ ಆಯಿತು.

ಸಂಜೆ ಅವಳು ವ್ಯಾನು ನಿಲ್ಲಿಸಿ ಬಂದು, ಮೇಷ್ಟ್ರ ಕಾರಿನಲ್ಲಿ ಕಲಿಸುವವರ ಸೀಟಿನಲ್ಲಿ ಕೂತಳು. ಆ ಕಡೆ ಅವಳ ಕಾಲಿಗೆ ಒಂದು ಬ್ರೇಕು ಇತ್ತು. ಮುಂದಿನ ಕನ್ನಡಿಯಿಂದ ನೀಲಿ ಚಪ್ಪಲಿಯ ತುಂಡು ದಾರದಲ್ಲಿ ಜೋತಾಡುತ್ತಿತ್ತು. ಅದು ಅವಳದೇ ಕೆಲಸ, ತೆಗೆಯಲು ಮೇಷ್ಟ್ರಿಗೆ ಅನುಮತಿಯಿರಲಿಲ್ಲ. ಮುಂದೆ ಎಲ್ ಬೋರ್ಡು. ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ಬ್ರೆಡ್ಡು ತಿನ್ನುತ್ತ ಕೂತಿದ್ದರು.

ಮೇಷ್ಟ್ರು ಹೊರಟರು. ಕೈಗಳು ತಾವಾಗಿಯೇ ಎಡಕ್ಕೆ ಹೋದವು.

"ತೂಗ್ಬೇಡಿ," ಅಂದಳು.

"ತೂಗ್ತಿಲ್ಲ. ಅದೇ ಹೋಗ್ತಿದೆ."

"ಸುಮ್ನೆ ಹಿಡ್ಕೊಳ್ಳಿ. ಮಗು ಮಲಗಿ ಆಯ್ತು."

ಮೇಷ್ಟ್ರು ಹಲ್ಲು ಕಚ್ಚಿ ಹಿಡಿದುಕೊಂಡರು. ಕೈಗಳು ತೂಗಲಿಲ್ಲ. ಒಂದು ಗೇಟು ದಾಟಿತು, ಎರಡು ದಾಟಿತು, ಕಂಬಗಳು ತಮ್ಮ ತಮ್ಮ ಜಾಗದಲ್ಲೇ ನಿಂತಿದ್ದವು. ರಸ್ತೆಯ ಕೊನೆಯಲ್ಲಿ ಗಾರೆ ಕೆಲಸದವನು ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡಿದ. ಕಾರು ತನ್ನ ಪಾಡಿಗೆ ನೆಟ್ಟಗೆ ಹೋಗಿದ್ದನ್ನು ನೋಡಿ ಅವನ ಮುಖ ಸಪ್ಪಗಾಯಿತು.

"ನೋಡ್ದ್ಯಾ," ಅಂದರು ಮೇಷ್ಟ್ರು, ಉಸಿರು ಬಿಟ್ಟು. "ನೇರ ಬಂತು. ನಾನು ಏನೂ ಮಾಡ್ಲಿಲ್ಲ, ಆದ್ರೂ ಬಂತು."

ಹೆಂಡತಿ ತನ್ನ ಬದಿಯ ಗಾಜು ಪೂರ್ತಿ ಇಳಿಸಿ ಮೊಣಕೈ ಹೊರಗಿಟ್ಟಳು.

"ನೆಲ ಈಗ ನೆಟ್ಟಗಿದೆ ಕಣ್ರೀ," ಅಂದಳು. "ಇನ್ನು ಕುಣಿಯೋದು ನಿಮಗೆ ಬಿಟ್ಟಿದ್ದು."